ನಾನು ಕಾಣದ ನನ್ನ ಮೇಡಂ: ವಿಜಯಾ ದಬ್ಬೆ

(ಮಧುಗಿರಿಯಲ್ಲಿ ಸೇರಿದ್ದ ಹೆಣ್ಣುಮಕ್ಕಳ ಸಭೆಯಲ್ಲಿ ನಿವೃತ್ತ ಕಾಲೇಜು ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಗೆಳತಿಯರೇ, ಹಿಂದಿನ ಸಾಲಿನಲ್ಲಿ ನಿಂತಿರುವ ಹೆಣ್ಣುಮಕ್ಕಳೇ, ಮುಂದೆ ಜಾಗ ಇದೆ, ಬಂದು ಕೂತುಕೊಳ್ಳಿ. ಪಾವಗಡದ ಬಸ್ಸಿಗೆ ಹೋಗಬೇಕಾದವರು ನಡುವೆ ಎದ್ದು ಹೋದರೂ ನನಗೆ ಬೇಸರವಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸಿನ ಹೊತ್ತಿಗೆ ಸರಿಯಾಗಿ ಪಾಠ ಮುಗಿಸಿ ಅಭ್ಯಾಸವಾದವಳು ನಾನು.

ಒಬ್ಬ ಹಿರಿಯ ಪ್ರಾಧ್ಯಾಪಕಿಯ ಬಗ್ಗೆ, ಅವರು ತಮ್ಮ ನಂತರದವರನ್ನು ಬೆಳೆಸಿದ ಬಗೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ನಾನು ಡಾ. ವಿಜಯಾ ದಬ್ಬೆಯವರ ಹೆಸರು ಹೇಳಿದೆ. 'ನೀವು ಅವರ ವಿದ್ಯಾರ್ಥಿನಿಯಾ ಮೇಡಂ?' ಅಂದರು. ಅಲ್ಲ. ನಾನು ಓದಿದ್ದು ಬೆಂಗಳೂರಿನ ಜ್ಞಾನಭಾರತಿಯಲ್ಲಿ, ಅವರು ಪಾಠ ಹೇಳಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅವರನ್ನು ನಾನು ಒಮ್ಮೆಯೂ ಮುಖತಃ ಕಂಡವಳಲ್ಲ. ಆದರೂ ನನ್ನ ಅರ್ಧ ವಯಸ್ಸಿನ ಪಾಠಕ್ಕೆ ಅವರೇ ಮೇಡಂ. ಇದು ಹೇಗೆ ಎಂಬುದನ್ನು ಹೇಳಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಹೇಳದೆ ಹೋದರೆ ಉಳಿದದ್ದೆಲ್ಲ ಬರೀ ಹೊಗಳಿಕೆಯಾಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬುದು ನಿಮಗೆ ಗೊತ್ತು. ವರ್ಗವಾಗುತ್ತಾ ನಾನು ಈ ನಾಲ್ಕು ತಾಲೂಕುಗಳಲ್ಲೇ ಸುತ್ತಿದೆ. ನಾನು ಕೆಲಸಕ್ಕೆ ಸೇರಿದ್ದು 1986ರಲ್ಲಿ. ಆಗ ಇಲ್ಲಿನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ತುಮಕೂರು ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ತರಗತಿಯಲ್ಲಿ ಹೆಣ್ಣುಮಕ್ಕಳು ಮೊದಲನೆಯ ಬೆಂಚಿನಲ್ಲಿ ಒಟ್ಟಾಗಿ ಕೂರುತ್ತಿದ್ದರು. ಒಂದೇ ಬೆಂಚು ಸಾಕಾಗುವಷ್ಟು ಮಂದಿ.

1988ರಲ್ಲಿ ಆ ಬೆಂಚಿನಲ್ಲಿದ್ದ ಒಬ್ಬ ಹುಡುಗಿಗೆ ಎರಡನೆಯ ವರ್ಷದ ನಡುವೆ ಮದುವೆಯಾಯಿತು. ಅವಳ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಮದುವೆಯಾಗಿ ಎಂಟು ತಿಂಗಳಿಗೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಟಿ.ಸಿ. ತೆಗೆದುಕೊಳ್ಳಲು ಬಂದಿದ್ದೀನಿ ಅಂದಳು. ಆಮೇಲೆ ನಿಜ ಹೇಳಿದಳು. ಗಂಡನ ಮನೆಯವರು ಬೋರ್‌ವೆಲ್ ಕೊರೆಸಿದ್ದರು, ನೀರು ಬರಲಿಲ್ಲ. ಇನ್ನೊಂದು ಕೊರೆಸಲು ಅವಳ ಅಪ್ಪನಿಂದ ದುಡ್ಡು ತರಬೇಕಂತೆ. ತರುವ ತನಕ ಹೊಡೆತ. ರವಿಕೆಯ ತೋಳು ಸರಿಸಿ ತೋರಿಸಿದಳು. ಕಣ್ಣು ಕೆಂಪಗಿದ್ದವು. ಅತ್ತಿದ್ದೀಯಾ ಅಂದರೆ, 'ಇಲ್ಲ ಮೇಡಂ, ಹಸಿ ಸೌದೆ, ಹೊಗೆ' ಅಂದಳು. 'ನಾನು ಇನ್ನು ಅಲ್ಲಿಗೆ ಹೋಗಲ್ಲ ಮೇಡಂ. ನಮ್ಮಪ್ಪನಿಗೆ ನೀವು ಒಂದು ಮಾತು ಹೇಳಿ' ಅಂದಳು.

ನಾನು ಅವಳಿಗೆ ಕಾಫಿ ತರಿಸಿಕೊಟ್ಟೆ. ಸ್ವಲ್ಪ ದಿನ ತಾಳ್ಮೆಯಿಂದ ಹೊಂದಿಕೊಂಡು ಹೋಗಮ್ಮ, ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ ಎಂದೆ. ಎಂ.ಎ. ಓದಿದವಳ ಬಾಯಲ್ಲಿ ಬಂದದ್ದು ಅಷ್ಟೇ. ಅವಳ ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಸುದ್ದಿ ಬಂತು, ಸ್ಟೌ ಸಿಡಿದು ಸತ್ತಳಂತೆ. ಮಣ್ಣಿಗೆ ಹೋಗಿದ್ದೆ. ಅವಳ ತಾಯಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. 'ಅಮ್ಮಾರೇ, ಆ ಮನೇಲಿ ಸ್ಟೌ ಎಲ್ಲಿತ್ತು?'

ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ಪೊಲೀಸರ ಮಹಜರು ಮಾತ್ರ ಸಾಲದು, ತಹಶೀಲ್ದಾರರಂಥ ಮ್ಯಾಜಿಸ್ಟ್ರೇಟ್ ದರ್ಜೆಯವರೇ ಬಂದು ವಿಚಾರಣೆ ಮಾಡಬೇಕು. ಬಂದರು. ಹೇಳಿಕೆ ಬರೆದುಕೊಂಡರು. ಹಸಿ ಸೌದೆಯ ಹೊಗೆಯ ಮಾತು ನನಗೆ ಗೊತ್ತಿತ್ತು. ತೋಳಿನ ಗಾಯ ನೋಡಿದ್ದೆ. ಬೋರ್‌ವೆಲ್ ದುಡ್ಡಿನ ವಿಷಯ ಕೇಳಿದ್ದೆ. ಸತ್ತವಳು ತನ್ನ ಸಾವಿಗೆ ದಾರಿಮಾಡಿದ ಸಂಗತಿಗಳನ್ನು ಬದುಕಿದ್ದಾಗ ಯಾರಿಗಾದರೂ ಹೇಳಿದ್ದರೆ ಆ ಮಾತು ಸಾಕ್ಷ್ಯವಾಗುತ್ತದೆ. 1984ರಲ್ಲೇ ಸುಪ್ರೀಂ ಕೋರ್ಟ್ ಶರದ್ ಸಾರ್ಡಾ ಮೊಕದ್ದಮೆಯಲ್ಲಿ ಇದನ್ನು ವಿವರಿಸಿತ್ತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು ಬಂದು ಐದು ವರ್ಷವಾಗಿತ್ತು. ವರದಕ್ಷಿಣೆ ಸಾವಿನ 304ಬಿ ಬಂದು ಎರಡು ವರ್ಷ. ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದೆನೇ? ಅದನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ, ಹೋಗುತ್ತಿರಲಿಲ್ಲ. ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ನಮಗೇಕೆ ಊರಿನ ಉಸಾಬರಿ ಎಂದು ಮೇಲಿನವರು ಹೇಳಿದರು, ಮನೆಯಲ್ಲೂ ಹೇಳಿದರು. ನಾನು ಸುಮ್ಮನಿದ್ದೆ. ಕೇಸು ಯಾವ ದಡವನ್ನೂ ಹತ್ತಲಿಲ್ಲ.

ಆ ವರ್ಷ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದ ಪದ್ಯ ಯಾವುದು ಗೊತ್ತೇ? ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'. ಪತಿವ್ರತೆ ಹೇಗಿರಬೇಕು ಎಂಬುದನ್ನು ಸಾಲು ಸಾಲಾಗಿ ಬಿಡಿಸಿ ಹೇಳುತ್ತಿದ್ದೆ. ಅದೇ ಬೆಂಚಿಗೆ.

ಇದಾಗಿ ಕೆಲವು ಕಾಲದ ಮೇಲೆ ವಿಜಯಾ ದಬ್ಬೆಯವರ 'ಮಹಿಳೆ, ಸಾಹಿತ್ಯ, ಸಮಾಜ' ನನ್ನ ಕೈಗೆ ಬಂತು. ತುಮಕೂರಿನಲ್ಲಿ ಒಂದು ಪುಸ್ತಕ ಮಾರಾಟದ ಮೇಜಿನ ಮೇಲೆ ಕಂಡದ್ದು. ಮೂರೂ ಪದ ಒಟ್ಟಿಗೆ ಒಂದೇ ರಟ್ಟಿನ ಮೇಲೆ ಇದ್ದದ್ದು ನೋಡಿ ಕೊಂಡೆ. ಅಲ್ಲಿಯತನಕ ನನ್ನ ತಲೆಯಲ್ಲಿ ಈ ಮೂರೂ ಬೇರೆ ಬೇರೆ ಪೀರಿಯಡ್ಡುಗಳಾಗಿದ್ದವು.

ಅವರ ಬದುಕಿನ ವಿವರ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1951ರ ಜೂನ್ 1ರಂದು, ಹಾಸನ ಜಿಲ್ಲೆ ಬೇಲೂರು ತಾಲೂಕಿನ ದಬ್ಬೆ ಎಂಬ ಹಳ್ಳಿಯಲ್ಲಿ. ಊರಿನ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಇಟ್ಟುಕೊಂಡರು. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಪ್ರಾಧ್ಯಾಪಕಿಯಾಗಿ ದುಡಿದರು. ಮೊದಲ ಕವನ ಸಂಕಲನ 'ಇರುತ್ತವೆ' ಬಂದದ್ದು 1975ರಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಆಮೇಲೆ 1985ರಲ್ಲಿ 'ನೀರು ಲೋಹದ ಚಿಂತೆ'. ಸಂಶೋಧನೆಗೆ ಆರಿಸಿಕೊಂಡದ್ದು ಅಭಿನವ ಪಂಪ ಎನಿಸಿಕೊಂಡ ನಾಗಚಂದ್ರನನ್ನು. ಇದನ್ನು ಒತ್ತಿ ಹೇಳುತ್ತೇನೆ. ಹಳಗನ್ನಡದ ಚಂಪೂ ಕಾವ್ಯ ಗಂಡಸರ ಗದ್ದೆ, ಹೆಂಗಸರಿಗೆ ಕಾದಂಬರಿ, ಜನಪದ ಗೀತೆ ಸಾಕು ಎಂದು ನಮ್ಮ ವಿಭಾಗಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ನಡೆಸುತ್ತಿದ್ದ ಕಾಲ ಅದು. ಮೊದಲು ಆ ಗದ್ದೆಯಲ್ಲೇ ಉತ್ತು ತೋರಿಸಿ, ಆಮೇಲೆ ಹೆಣ್ಣಿನ ಬರಹದ ಕಡೆ ತಿರುಗಿದರು. ಹಾಗಾಗಿ ಇವರಿಗೆ ಪಾಂಡಿತ್ಯ ಸಾಲದು, ಘೋಷಣೆ ಕೂಗುತ್ತಾರೆ ಎಂದು ಹೇಳುವವರಿಗೆ ದಾರಿಯಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮೈಸೂರಿನಲ್ಲಿ ಸಮತಾ ವೇದಿಕೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ದಬ್ಬೆಯವರೂ ಒಬ್ಬರು. ಆ ಕಾಲವನ್ನು ನೆನಪಿಸಿಕೊಳ್ಳಿ. 1979ರಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಬಂದ ತೀರ್ಪನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದ ನಾಲ್ವರು ಯಾರು? ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್. ನಾಲ್ವರೂ ಕಾನೂನು ಪಾಠ ಹೇಳುವವರು. ಅಲ್ಲಿಂದ ಎದ್ದ ಹೋರಾಟದಿಂದ 1983ರಲ್ಲಿ ಅತ್ಯಾಚಾರದ ಕಾನೂನು ತಿದ್ದುಪಡಿಯಾಯಿತು. ಅದೇ ವರ್ಷದ ಕೊನೆಗೆ 498ಎ ಬಂತು. ಮೇಷ್ಟರಿಗೇಕೆ ಊರಿನ ಉಸಾಬರಿ ಎಂದು ನನ್ನನ್ನು ಸುಮ್ಮನಾಗಿಸಿದಾಗ, ನಾನು ಬಳಸಬಹುದಾಗಿದ್ದ ಕಾನೂನಿನ ಹಿಂದೆಯೇ ಪಾಠ ಹೇಳುವವರ ಉಸಾಬರಿ ಇತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ದಬ್ಬೆಯವರ ಕೆಲಸಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಹಿತೈಷಿಣಿಯ ಹೆಜ್ಜೆಗಳು'. ನಂಜನಗೂಡು ತಿರುಮಲಾಂಬ ಅವರನ್ನು ಕುರಿತ ಪುಸ್ತಕ. ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಶಾಲೆಗೆ ಹೋಗಿ ಓದಿದ್ದು ಅಷ್ಟಕ್ಕಷ್ಟೇ. ಆದರೂ 1913ರ ಹೊತ್ತಿಗೆ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಶುರುಮಾಡಿದರು, ಕಾದಂಬರಿ ಬರೆದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಬದುಕಿದ್ದು 1982ರ ತನಕ. ಅಂದರೆ ನಾನು ಎಂ.ಎ. ತರಗತಿಯಲ್ಲಿ ಕೂತಿದ್ದಾಗ ಆ ತಾಯಿ ಇನ್ನೂ ಬದುಕಿದ್ದರು. ನಾನು ಅವರ ಹೆಸರನ್ನೇ ಕೇಳಿರಲಿಲ್ಲ. ಪರೀಕ್ಷೆಗೆ ಇರಲಿಲ್ಲವಲ್ಲ.

ತಿರುಮಲಾಂಬ ಅವರ ಆದರ್ಶ ಪತಿವ್ರತೆಯದೇ. ಸಹನೆ, ಸೇವೆ, ಸದ್ಗುಣ. ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಇವರೂ ನನ್ನ ಹಾಗೆಯೇ 'ಹೊಂದಿಕೊಂಡು ಹೋಗಮ್ಮ' ಎನ್ನುವವರಲ್ಲವೇ ಎನ್ನಿಸಿತು. ಆದರೆ ದಬ್ಬೆಯವರು ಸಿಟ್ಟುಮಾಡಿ ಪುಸ್ತಕ ಮುಚ್ಚುವವರಲ್ಲ. ಆ ವಿಧವೆ ಯಾವ ಕಾಲದಲ್ಲಿ ನಿಂತು, ಯಾರ ಕಣ್ಗಾವಲಿನಲ್ಲಿ, ಎಷ್ಟು ಮಾತನ್ನು ಹೇಗೆ ಆಡಿದರು ಎಂದು ಹುಡುಕಿದರು. ಬೈಯಲಿಲ್ಲ, ಆರತಿ ಎತ್ತಲೂ ಇಲ್ಲ. ಹಾಗೆ ಓದುವುದನ್ನು ಕಲಿತ ಮೇಲೆ ನಾನು ಹೊನ್ನಮ್ಮನ ಬಳಿಗೆ ಮತ್ತೆ ಹೋದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೆಣ್ಣು, ಪತಿವ್ರತೆಯ ಧರ್ಮವನ್ನು ಹೇಳುತ್ತಾ ಹೇಳುತ್ತಾ ನಡುವೆ ನಿಂತು, ಹೆತ್ತವಳೂ ಹೆಣ್ಣೇ ಪೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವವರು ಕುರುಡರಲ್ಲವೇ ಎಂಬರ್ಥದ ಮಾತು ಕೇಳುತ್ತಾಳೆ. ಅದೇ ಪುಸ್ತಕ, ಅದೇ ಬೆಂಚು. ಆದರೆ ಆ ನಿಂತ ಜಾಗದಲ್ಲಿ ನಾನೂ ನಿಂತು ಪಾಠ ಮಾಡತೊಡಗಿದೆ. ಹುಡುಗಿಯರು ಮಾತಾಡತೊಡಗಿದರು. ಹಿಂದಿನ ಬೆಂಚಿನ ಹುಡುಗರು ಮೊದಲು ನಕ್ಕರು, ಆಮೇಲೆ ಕೆಲವರು ತಮ್ಮ ಅಕ್ಕಂದಿರ ಕತೆ ಹೇಳಿದರು.

ಅವರ ಕವಿತೆಗಳ ಬಗ್ಗೆ ಒಂದು ಮಾತು. ನನಗೆ ಅವರ ಕವಿತೆಗಿಂತ ವಿಮರ್ಶೆ, ಸಂಶೋಧನೆಯೇ ಹೆಚ್ಚು ಹಿಡಿಸಿದ್ದು. ಕವಿತೆಯಲ್ಲಿ ಕೆಲವು ಕಡೆ ಯೋಚನೆ ಪದ್ಯಕ್ಕಿಂತ ಮುಂದೆ ಓಡುತ್ತದೆ. ಇದನ್ನು ಒಪ್ಪದವರು ಇಲ್ಲೇ ಕೆಲವರು ಕೂತಿದ್ದೀರಿ, ಊಟದ ಹೊತ್ತಿನಲ್ಲಿ ಜಗಳ ಆಡೋಣ. ಆದರೆ ಒಂದು ಸಂಕಲನಕ್ಕೆ ಅವರಿಟ್ಟ 'ತಿರುಗಿ ನಿಂತ ಪ್ರಶ್ನೆ' ಎಂಬ ಹೆಸರಿದೆಯಲ್ಲ, ಅದು ನನ್ನ ಮಟ್ಟಿಗೆ ಒಂದು ಕವಿತೆಗೆ ಸಮ.

ಅವರ ಪ್ರಭಾವ ಎಂದರೆ ಎಷ್ಟು ಜನಕ್ಕೆ ಪಿಎಚ್.ಡಿ. ಕೊಡಿಸಿದರು ಎಂಬ ಲೆಕ್ಕವಲ್ಲ. ವಿಶ್ವವಿದ್ಯಾಲಯದ ಕೋಣೆಯಿಂದ ಬೀದಿಗೆ, ಬೀದಿಯಿಂದ ಮತ್ತೆ ಕೋಣೆಗೆ ಓಡಾಡುವ ಒಂದು ದಾರಿ ತೋರಿಸಿದರು. ಅಧ್ಯಯನ ಬೇರೆ, ಹೋರಾಟ ಬೇರೆ ಅಲ್ಲ ಎಂಬುದಕ್ಕೆ ಮೈಸೂರಿನ ಸಮತಾ ಅಧ್ಯಯನ ಕೇಂದ್ರವೇ ಸಾಕ್ಷಿ. ಆ ಕೇಂದ್ರದ ಕೆಲಸದಲ್ಲಿ ತೊಡಗಿಕೊಂಡ ಸಬಿಹಾ ಭೂಮಿಗೌಡ ಅವರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಇವು ಕಾಣುವ ಕೊಂಬೆಗಳು. ನನ್ನಂಥ ತಾಲೂಕು ಕಾಲೇಜಿನ ಮೇಡಂಗಳು ಎಷ್ಟು ಮಂದಿ ಅವರ ಪುಸ್ತಕ ಹಿಡಿದು ಪಾಠ ತಿದ್ದಿಕೊಂಡರೋ ಅದರ ಲೆಕ್ಕ ಯಾರ ಬಳಿಯೂ ಇರಲಾರದು.

1999ರಲ್ಲಿ ಅವರಿಗೆ ರಸ್ತೆ ಅಪಘಾತವಾಯಿತು. ಬರವಣಿಗೆ ನಿಂತುಹೋಯಿತು, ನೆನಪಿಗೆ ಪೆಟ್ಟು ಬಿತ್ತು. ನಲವತ್ತೆಂಟನೆಯ ವಯಸ್ಸು, ಒಬ್ಬ ವಿದ್ವಾಂಸೆಯ ಕೆಲಸ ಮಾಗಿ ಕೈಗೆ ಬರುವ ಕಾಲ. ಅಲ್ಲಿಂದ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಸಾರ್ವಜನಿಕ ಬದುಕಿನಿಂದ ದೂರವಿದ್ದು, 2018ರ ಫೆಬ್ರವರಿ 23ರಂದು ತೀರಿಕೊಂಡರು. ಮರೆತುಹೋದ ಬರಹಗಾರ್ತಿಯರನ್ನು ನಮ್ಮ ನೆನಪಿಗೆ ತಂದವರಿಗೇ ಹೀಗಾಯಿತಲ್ಲ ಎಂದು ನನಗೆ ಆಗಾಗ ಸಂಕಟವಾಗುತ್ತದೆ. ಅವರಿಗೊಂದು ಕಾಗದ ಬರೆಯಬೇಕು ಎಂದು ನಾನು ವರ್ಷಗಟ್ಟಲೆ ಅಂದುಕೊಂಡೆ. ಬರೆಯಲೇ ಇಲ್ಲ.

ಇನ್ನು ನಮ್ಮ ನಾಲ್ಕು ತಾಲೂಕಿನ ಮಾತಿಗೆ ಬರುತ್ತೇನೆ. ನಮ್ಮಜ್ಜಿಯ ಮದುವೆಯಲ್ಲಿ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತಂದಿದ್ದರು. ದುಡಿಯುವ ಕೈ ಕೊಡುತ್ತೀರಿ, ಅದಕ್ಕೆ ನಮ್ಮ ಮರ್ಯಾದೆ ಎಂಬ ಲೆಕ್ಕ. ನಮ್ಮಮ್ಮನ ಮದುವೆಯಲ್ಲಿ ಕೊಟ್ಟದ್ದೂ ಇಲ್ಲ, ತಂದದ್ದೂ ಇಲ್ಲ. ನನ್ನ ಮದುವೆಗೆ ನಮ್ಮಪ್ಪ ಎರಡು ವರ್ಷದ ಕಡಲೇಕಾಯಿ ಮಾರಿದ ದುಡ್ಡು, ಜೊತೆಗೆ ಸಾಲ, ಎಲ್ಲ ಸೇರಿಸಿ ಕೊಟ್ಟರು. ಎಂ.ಎ. ಓದಿದ ಹುಡುಗಿಗೆ ಅಷ್ಟೇ ಓದಿದ ಗಂಡು ಬೇಕು, ಅಷ್ಟು ಓದಿದ ಗಂಡಿಗೆ ರೇಟು ಜಾಸ್ತಿ. ಅಂದರೆ ನಾನು ಪಡೆದ ಡಿಗ್ರಿಗೆ ನಮ್ಮಪ್ಪ ಎರಡು ಸಲ ಫೀಸು ಕಟ್ಟಿದರು. ದಕ್ಷಿಣದಲ್ಲಿ ತೆರದ ಪದ್ಧತಿ ಹೋಗಿ ವರದಕ್ಷಿಣೆ ಹೇಗೆ ಬಂತು ಎಂಬುದರ ಬಗ್ಗೆ ಎಂ.ಎನ್. ಶ್ರೀನಿವಾಸ್ ಬರೆದಿದ್ದಾರೆ. ಓದುವಾಗ ಅದು ನಮ್ಮ ಮನೆಯ ಮೂರು ತಲೆಮಾರಿನ ಲೆಕ್ಕದ ಪುಸ್ತಕದಂತೆ ಕಂಡಿತು. ವರದಕ್ಷಿಣೆ ನಿಷೇಧ ಕಾಯಿದೆ 1961ರದು, ನನ್ನ ಮದುವೆಗೆ ಎಷ್ಟೋ ಮೊದಲಿನದು. ತರಗತಿಯಲ್ಲಿ ಬಸವಣ್ಣನ ವಚನ ಹೇಳಿ ಮನೆಗೆ ಮಾವ ಕೊಡಿಸಿದ ಸ್ಕೂಟರಿನಲ್ಲಿ ಹೋಗುತ್ತಿದ್ದ ಸಹೋದ್ಯೋಗಿಗಳನ್ನು ನಾನು ಆಡಿಕೊಂಡದ್ದುಂಟು. ಆದರೆ ನಮ್ಮ ಮನೆಯ ಮುಂದೆ ನಿಂತ ಸ್ಕೂಟರೂ ಅಂಥದ್ದೇ.

ಪಾವಗಡದ ಕಡೆಯವರಿಗೆ ಇನ್ನೊಂದು ತೊಡಕಿದೆ. ಸುತ್ತ ಆಂಧ್ರ, ಮನೆಮಾತು ಎಷ್ಟೋ ಕಡೆ ತೆಲುಗು, ಕೊಟ್ಟು ತರುವ ಸಂಬಂಧ ಮಡಕಶಿರಾ, ಹಿಂದೂಪುರದ ಕಡೆಗೆ. 2009ರ ಸುಮಾರಿನಲ್ಲಿ ಆ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿನಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೇ ಬಂದಳು. ಗಂಡನ ಮನೆ ಗಡಿಯ ಆಚೆ. ಠಾಣೆಗೆ ಹೋದರೆ, ಇದು ನಮ್ಮ ಸರಹದ್ದಲ್ಲ, ಆ ರಾಜ್ಯಕ್ಕೆ ಹೋಗಿ ಕೊಡು ಅಂದರಂತೆ. ಹೊಡೆತ ತಪ್ಪಿಸಿಕೊಂಡು ಬಂದವಳು ಹೊಡೆದವರ ಊರಿಗೇ ಹೋಗಿ ದೂರು ಕೊಡಬೇಕಂತೆ.

ಈ ಸಲ ನಾನು ಕಾಫಿಯನ್ನೂ ಕೊಟ್ಟೆ, ಚಪ್ಪಲಿಯನ್ನೂ ಮೆಟ್ಟಿಕೊಂಡೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನೊಂದ ಹೆಣ್ಣು ತಾತ್ಕಾಲಿಕವಾಗಿ ಎಲ್ಲಿ ವಾಸವಾಗಿದ್ದಾಳೋ ಆ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು ಎಂದು ಅದರ 27ನೆಯ ಕಲಮು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನೀವು ಸಿ.ಡಿ.ಪಿ.ಒ. ಅನ್ನುತ್ತೀರಲ್ಲ ಅವರೇ, ಸಂರಕ್ಷಣಾಧಿಕಾರಿ. ಅಂಗನವಾಡಿಯ ಅಕ್ಕನನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ತೋರಿಸುತ್ತಾಳೆ. ಅಲ್ಲಿಗೆ ಹೋದೆವು. ಏನೇನು ಆಯಿತು ಎಂಬ ವರದಿ ಬರೆಸಿದೆವು. ನಾನು ನೋಡಿದ ಗಾಯ, ಕೇಳಿದ ಮಾತು, ದಿನಾಂಕ, ಎಲ್ಲ ಬರೆದು ಸಹಿ ಹಾಕಿದೆ. ಇಪ್ಪತ್ತೊಂದು ವರ್ಷ ತಡವಾಗಿ ಹಾಕಿದ ಸಹಿ.

ಎಲ್ಲ ಸುಖವಾಗಿ ಮುಗಿಯಿತು ಎಂದು ಹೇಳಿ ನಿಮ್ಮನ್ನು ಕಳಿಸಲಾರೆ. ತಿಂಗಳ ಜೀವನಾಂಶಕ್ಕೆ ಆದೇಶವಾಯಿತು, ಮೂರು ತಿಂಗಳು ಬಂತು, ನಿಂತಿತು, ಮತ್ತೆ ಅರ್ಜಿ. ಒಡವೆಯಲ್ಲಿ ಅರ್ಧ ಹಿಂದಕ್ಕೆ ಬರಲೇ ಇಲ್ಲ. ವಾಯಿದೆಯ ಮೇಲೆ ವಾಯಿದೆ. ಅವಳ ಅಣ್ಣಂದಿರೇ ನನ್ನನ್ನು ಮನೆ ಒಡೆಯುವ ಮೇಡಂ ಅಂದರು. ಆದರೆ ಅವಳಿದ್ದಾಳೆ. ಅವಳ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ.

ಕ್ರಿಮಿನಲ್ ದೂರಿನ ಸರಹದ್ದಿನ ಗೋಜಲನ್ನೂ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಮೊಕದ್ದಮೆಯಲ್ಲಿ ಬಿಡಿಸಿತು. ಗಂಡನ ಮನೆಯಿಂದ ಓಡಿಸಲ್ಪಟ್ಟು ತವರಿಗೆ ಬಂದವಳು ಆಶ್ರಯ ಪಡೆದ ಊರಿನಲ್ಲೇ 498ಎ ದೂರು ಕೊಡಬಹುದು. ತವರಿಗೆ ಬಂದ ಮೇಲೂ ಆ ಹಿಂಸೆಯ ನೋವು ಮನಸ್ಸಿನಲ್ಲಿ ಮುಂದುವರಿಯುತ್ತದೆ ಎಂಬುದನ್ನು ಕೋರ್ಟು ಒಪ್ಪಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕಲಮಿನ ಅಂಕಿ ಬದಲಾಗಿದೆ. ಕ್ರೌರ್ಯಕ್ಕೆ 85 ಮತ್ತು 86, ವರದಕ್ಷಿಣೆ ಸಾವಿಗೆ 80. ಠಾಣೆಯಲ್ಲಿ 'ಆ ಕಾನೂನು ಈಗಿಲ್ಲ' ಎಂದು ಯಾರಾದರೂ ಹೇಳಿದರೆ ಈ ಅಂಕಿಗಳನ್ನು ಹೇಳಿ. ಈಗಲೇ ಬರೆದುಕೊಳ್ಳಿ, ನಾನು ಕಾಯುತ್ತೇನೆ. ಮಹಿಳಾ ಸಹಾಯವಾಣಿ 181, ಅದನ್ನೂ ಬರೆದುಕೊಳ್ಳಿ.

ಇಲ್ಲಿ ಬಂದಿರುವ ಕಾಲೇಜಿನ ಮೇಡಂಗಳಿಗೆ ಒಂದು ಮಾತು. ಹುಡುಗಿ ಟಿ.ಸಿ. ಕೇಳಲು ಬಂದರೆ ಗುಮಾಸ್ತರ ಹತ್ತಿರ ಕಳಿಸುವ ಮೊದಲು ಐದು ನಿಮಿಷ ಕೂರಿಸಿಕೊಳ್ಳಿ. ಅವಳು ಏನು ಹೇಳಿದಳು ಎಂಬುದನ್ನು ಅವತ್ತೇ, ದಿನಾಂಕ ಹಾಕಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಆಮೇಲೆ ಇಟ್ಟುಕೊಂಡ ಅಂಥ ಪುಸ್ತಕಗಳು ಮೂರು ತುಂಬಿದವು. ಅದರ ಮೊದಲ ಪುಟದಲ್ಲಿ 1988ರ ಆ ಮಧ್ಯಾಹ್ನವನ್ನು ನೆನಪಿನಿಂದ ಬರೆದಿದ್ದೇನೆ, ಹಸಿ ಸೌದೆಯ ಮಾತನ್ನೂ ಸೇರಿಸಿ. ಅದು ಯಾವ ಕೋರ್ಟಿಗೂ ಈಗ ಬೇಕಿಲ್ಲ. ಅವಳ ತಾಯಿಗೆ ಒಮ್ಮೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, 'ಆವತ್ತೇ ಹೇಳ್ಬೇಕಿತ್ತು ಕಣಮ್ಮ' ಅಂದರು. ಅಷ್ಟೇ ಅಂದರು.

ಬಾಗಿಲ ಬಳಿಯ ಮೇಜಿನ ಮೇಲೆ ದಬ್ಬೆಯವರ ನನ್ನ ಪುಸ್ತಕಗಳನ್ನು ಇಟ್ಟಿದ್ದೇನೆ. 'ಮಹಿಳೆ, ಸಾಹಿತ್ಯ, ಸಮಾಜ' ಇದೆ, 'ಹಿತೈಷಿಣಿಯ ಹೆಜ್ಜೆಗಳು' ಇದೆ, 'ಇತಿ ಗೀತಿಕೆ' ಇದೆ. ಹಾಳೆ ಹಳದಿಯಾಗಿವೆ, ಅಂಚಿನಲ್ಲಿ ನನ್ನ ಗೀಚು ಇದೆ, ಅದನ್ನು ನೋಡಬೇಡಿ. ಬೇಕಾದವರು ಪಕ್ಕದ ಪುಸ್ತಕದಲ್ಲಿ ಹೆಸರು, ಊರು ಬರೆದು ತೆಗೆದುಕೊಂಡು ಹೋಗಿ. ಮುಂದಿನ ಸಭೆ ಕೊರಟಗೆರೆಯಲ್ಲಂತೆ, ಅಲ್ಲಿಗೆ ತನ್ನಿ. ಪಾವಗಡದ ಬಸ್ಸು ಬಂದಿರಬೇಕು, ಹಾರನ್ ಕೇಳಿಸುತ್ತಿದೆ, ಹೊರಡಿ.